ತಿಪ್ಪೆಯ ಪದರಗಳು: ತೆಂಗಿನ ಗುಂಡಿ, ಹಳೆಯ ಸೀಸೆ ಮತ್ತು ಅಗೆಯುವವರ ಸಂಯಮ

ಕನ್ನಡದ ಪ್ರಾಚೀನತೆಯನ್ನು ಕುರಿತ ಚರ್ಚೆಯಲ್ಲಿ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹೆಸರು ಬಾರದೆ ಇರುವುದಿಲ್ಲ. ಅಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರ ಹಸ್ತಪ್ರತಿ 1903ರಲ್ಲಿ ಅಚ್ಚಾಯಿತು. ಅದರ ಕಥೆ ನಡೆಯುವುದು ಭಾರತದ ಕರಾವಳಿಯಲ್ಲಿ. ಸೆರೆಸಿಕ್ಕ ಖಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಬಿಡಿಸಿಕೊಳ್ಳಲು ಅವಳ ಕಡೆಯವರು ಅಲ್ಲಿಯ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸುತ್ತಾರೆ. ಆ ಅರಸನ ಬಾಯಲ್ಲಿ ಬರುವ ಗ್ರೀಕೇತರ ಮಾತುಗಳು ಕನ್ನಡವಿರಬಹುದೆಂದು ಇ. ಹುಲ್ಟ್ಜ್ ಅವರು 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಆ ಚರ್ಚೆಯನ್ನು ಮುಂದುವರಿಸಿದರು, ಎಲ್. ಡಿ. ಬಾರ್ನೆಟ್ ಅವರಂಥವರು ಒಪ್ಪಲಿಲ್ಲ. ಆ ಮಾತುಗಳು ಕನ್ನಡವೇ ಅಲ್ಲವೇ ಎಂಬ ಪ್ರಶ್ನೆಯನ್ನು ಇಲ್ಲಿ ಮತ್ತೆ ಎತ್ತಬೇಕಾಗಿಲ್ಲ. ಸಾಮಾನ್ಯವಾಗಿ ಯಾರೂ ಗಮನಿಸದ ಇನ್ನೊಂದು ಸಂಗತಿ ಇಲ್ಲಿ ಮುಖ್ಯ. ಆ ಹಾಳೆ ದೊರೆತದ್ದು ಯಾವುದೋ ಗ್ರಂಥಭಂಡಾರದಲ್ಲಲ್ಲ, ತಿಪ್ಪೆಯಲ್ಲಿ. ಬೇಡವೆಂದು ಊರ ಹೊರಗೆ ಎಸೆದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1896–97ರ ಚಳಿಗಾಲದಿಂದ ಅಗೆಯತೊಡಗಿದ್ದರಿಂದ ಅದು ಬೆಳಕಿಗೆ ಬಂದಿತು.

ಕನ್ನಡದ ಒಂದು ದೊಡ್ಡ ಚರ್ಚೆ ಪರದೇಶದ ತಿಪ್ಪೆಯಿಂದ ಹುಟ್ಟಿದೆಯೆಂದರೆ ನಮ್ಮ ನೆಲದ ತಿಪ್ಪೆಗಳಲ್ಲಿ ಏನಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರವನ್ನು ಹುಡುಕಲು ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಂಡಿನಶಿವರದಂಥ ಊರು ತಕ್ಕ ಸ್ಥಳ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಡುವಣ ಈ ತೆಂಗಿನ ಸೀಮೆಯಲ್ಲಿ ನೆಲ ಅಗೆಯುವುದು ನಿತ್ಯದ ಕೆಲಸ. ಅರಳಗುಪ್ಪೆಯ ಕಲ್ಲೇಶ್ವರ, ನಾಗಲಾಪುರದ ಹೊಯ್ಸಳ ಗುಡಿಗಳು, ನಿಟ್ಟೂರಿನ ಶಾಂತಿನಾಥ ಬಸದಿ, ಹೆಗ್ಗೆರೆಯ ಪಾರ್ಶ್ವನಾಥ ಬಸದಿ ಇವೆಲ್ಲ ಈ ಸೀಮೆಯಲ್ಲಿಯೋ ಅದರ ಅಂಚಿನಲ್ಲಿಯೋ ಇವೆ. ಸಾವಿರ ವರ್ಷಕ್ಕೂ ಮೀರಿ ಜನ ನೆಲೆಸಿದ ನೆಲವಿದು. ಬಸದಿ, ಗುಡಿಗಳನ್ನು ಕಟ್ಟಿಸಿದವರ ಹೆಸರನ್ನು ಶಾಸನಗಳು ಹೇಳುತ್ತವೆ. ಅವುಗಳ ಸುತ್ತ ಬದುಕಿದವರು ಏನು ಉಂಡರು, ಯಾವ ಮಡಕೆಯಲ್ಲಿ ಬೇಯಿಸಿದರು, ಯಾವ ಬಳೆ ತೊಟ್ಟರು ಎಂಬುದನ್ನು ಹೇಳಬಲ್ಲದ್ದು ಅವರು ಬಿಸುಟ ವಸ್ತುಗಳು ಮಾತ್ರ.

ತಿಪ್ಪೆ ಎಂಬ ಸ್ಥಾನ

ಕನ್ನಡದ ಬದುಕಿನಲ್ಲಿ ತಿಪ್ಪೆ ಬರಿಯ ಕಸದ ರಾಶಿಯಲ್ಲ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಮನೆಯ ಕಸ ಎಲ್ಲವೂ ಅಲ್ಲಿ ಕೂಡಿ ಕೊಳೆತು ಹೊಲಕ್ಕೆ ಗೊಬ್ಬರವಾಗುತ್ತವೆ. ಹೆತ್ತ ಮಕ್ಕಳು ಉಳಿಯದ ತಾಯಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ವಾಡಿಕೆ ನಾಡಿನ ಹಲವೆಡೆ ಇತ್ತು. ಬಿಸುಟದ್ದನ್ನು ಮೃತ್ಯುವೂ ಮುಟ್ಟದು ಎಂಬುದು ಅದರ ಹಿಂದಿನ ನಂಬಿಕೆ. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುವ ಮನೆಗಳಿವೆ. ತಪ್ಪನ್ನು ಮುಚ್ಚಿಡುವುದಕ್ಕೆ ‘ತಿಪ್ಪೆ ಸಾರಿಸುವುದು’ ಎನ್ನುತ್ತೇವೆ. ಮೇಲೆ ಎಷ್ಟು ಸಾರಿಸಿದರೂ ಅಡಿಯಲ್ಲಿರುವುದು ಅಡಿಯಲ್ಲಿಯೇ ಇರುತ್ತದೆ ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ.

ಕರ್ನಾಟಕದ ಅತಿ ಹಳೆಯ ತಿಪ್ಪೆಗಳೆಂದರೆ ಬಳ್ಳಾರಿ, ರಾಯಚೂರು ಸೀಮೆಗಳ ಬೂದಿದಿಬ್ಬಗಳು. ಹಂಪೆಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬಿದರು. ಕೆಲವು ವಿದ್ವಾಂಸರು ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಉಳಿಕೆಯೆಂದೂ ಊಹಿಸಿದ್ದುಂಟು. ಇವು ಸುಟ್ಟ ಸಗಣಿಯ ರಾಶಿಗಳೆಂದು ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. ರೇಮಂಡ್ ಆಲ್ಚಿನ್ ಅವರು ಉತ್ನೂರಿನಲ್ಲಿ 1957ರಲ್ಲಿ ಪದರಪದರವಾಗಿ ಅಗೆದು ಅದನ್ನು ಖಚಿತಪಡಿಸಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಬದುಕು ಹೀಗೆ ತಿಪ್ಪೆಯಿಂದಲೇ ಚರಿತ್ರೆಯೊಳಗೆ ಬಂದಿತು. ಅದೇ ದಿಬ್ಬವನ್ನು ಯಾರೋ ಒಂದು ಕೊಡಲಿಗಾಗಿ ಬಗೆದು ಹಾಕಿದ್ದರೆ ಕೊಡಲಿಯೊಂದು ಉಳಿಯುತ್ತಿತ್ತು, ದನಗಾಹಿಗಳು ಉಳಿಯುತ್ತಿರಲಿಲ್ಲ.

ತೆಂಗಿನ ಗುಂಡಿಯೆಂಬ ಉತ್ಖನನ

ತೆಂಗಿನ ಸಸಿ ನೆಡಲು ಸಾಮಾನ್ಯವಾಗಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೆಗೆಯುತ್ತಾರೆ. ರೈತರ ಮಾತಿನಲ್ಲಿ ಮೂರಡಿ ಗುಂಡಿ. ಗುಂಡಿಯಿಂದ ಗುಂಡಿಗೆ ಇಪ್ಪತ್ತೈದರಿಂದ ಮೂವತ್ತು ಅಡಿ ಅಂತರ. ಮೂವತ್ತಡಿ ಅಂತರವಿಟ್ಟರೆ ಒಂದು ಎಕರೆಗೆ ಸುಮಾರು 50 ಗುಂಡಿ. ಪುರಾತತ್ತ್ವಜ್ಞರು ಒಂದು ನಿವೇಶನದ ಸ್ವರೂಪವನ್ನು ತಿಳಿಯಲು ತೆಗೆಯುವ ಪರೀಕ್ಷಾ ಗುಂಡಿಗಳ ಅಳತೆಯೂ ಬಹುಮಟ್ಟಿಗೆ ಇದೇ. ಸಮಾನ ಅಂತರದ ಜೋಡಣೆಯೂ ಇದೇ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದಾಗಲೇ ಚಿಕ್ಕನಾಯಕನಹಳ್ಳಿಯ ಸುತ್ತ ತೆಂಗಿನ ತೋಟಗಳಿದ್ದವು. ಎರಡು ಶತಮಾನಗಳಿಗೂ ಮೀರಿ ಈ ಸೀಮೆಯವರು ತಮಗೆ ತಿಳಿಯದಂತೆಯೇ ನೆಲದ ಚರಿತ್ರೆಯನ್ನು ತೆರೆಯುತ್ತ ಬಂದಿದ್ದಾರೆ, ಓದದೆ ಮುಚ್ಚುತ್ತಲೂ ಬಂದಿದ್ದಾರೆ.

ಎಲ್ಲ ಗುಂಡಿಗಳಲ್ಲಿಯೂ ಏನಾದರೂ ಸಿಗುತ್ತದೆಂದಲ್ಲ. ಆದರೆ ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮಗಳೆಂಬ ಒಂದು ವರ್ಗವಿದೆ. ದೀಪವಿಲ್ಲದ ಊರು ಎಂಬುದು ಆ ಪಾರಸಿ ಪದದ ಅರ್ಥ. ಬರ, ಪಿಡುಗು, ಯುದ್ಧ, ನೀರಿನ ಕೊರತೆ ಮುಂತಾದ ಕಾರಣಗಳಿಂದ ಜನ ಬಿಟ್ಟುಹೋದ ಊರುಗಳವು. ಜನರ ಬಾಯಲ್ಲಿ ಅದು ಹಾಳೂರು. ಹಾಳೂರಿನ ಬೂದುಮಣ್ಣು ಬೆಳೆಗೆ ಒಳ್ಳೆಯದೆಂದು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುವುದು ಹಳೆಯ ರೂಢಿ. ಈಜಿಪ್ಟಿನ ರೈತರೂ ಪ್ರಾಚೀನ ನಿವೇಶನಗಳ ಮಣ್ಣನ್ನು ‘ಸೆಬಾಖ್’ ಎಂದು ಕರೆದು ಗೊಬ್ಬರಕ್ಕೆ ಸಾಗಿಸುತ್ತಿದ್ದರು. ಎಷ್ಟೋ ಹಸ್ತಪ್ರತಿಗಳು ಹಾಗೆಯೇ ಹೊಲ ಸೇರಿದವು. ಹಾಳೂರಿನಲ್ಲಿ ತೋಟ ಮಾಡಿದಾಗ ಮಡಕೆಯ ಚೂರು, ಬಳೆಯ ತುಂಡು, ಬೂದಿ, ಮೂಳೆ, ಎಲ್ಲೋ ಒಮ್ಮೆ ಒಂದು ಸೀಸೆ ಸಲಿಕೆಗೆ ತಾಗುತ್ತವೆ.

ಇಂಥ ನೆಲದಲ್ಲಿ ಇನ್ನೊಂದು ಬಗೆಯ ಗುಂಡಿಯೂ ಇದೆ: ಹಗೇವು. ರಾಗಿಯನ್ನು ವರ್ಷಗಟ್ಟಲೆ ಕಾಪಿಡಲು ಗಟ್ಟಿಯಾದ ಒಣನೆಲದಲ್ಲಿ ಕಿರುಬಾಯಿಯ, ಹೊಟ್ಟೆ ಅಗಲವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಧಾನ್ಯ ತುಂಬಿ ಮುಚ್ಚುತ್ತಿದ್ದರು. ಬಳಕೆ ತಪ್ಪಿದ ಹಗೇವು ಕಾಲಕ್ರಮದಲ್ಲಿ ಕಸ ಬೀಳುವ ಗುಂಡಿಯಾಗುತ್ತದೆ. ಒಂದು ಮನೆತನ ಒಂದು ಕಾಲಘಟ್ಟದಲ್ಲಿ ಬಿಸುಟ ವಸ್ತುಗಳು ಒಂದರ ಮೇಲೊಂದು ಮುಚ್ಚಿಟ್ಟಂತೆ ಉಳಿಯುವುದು ಅಲ್ಲಿಯೇ.

ಸೀಸೆ ಒಂದು ದಾಖಲೆ

ಗಾಜು ಈ ಸೀಮೆಗೆ ಹೊಸದಲ್ಲ. ಚಿಕ್ಕನಾಯಕನಹಳ್ಳಿಯಿಂದ ಉತ್ತರಕ್ಕೆ, ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವ ಕುಲುಮೆಗಳನ್ನು ಬುಕಾನನ್ 1801ರಲ್ಲಿ ಕಂಡು ವಿವರಿಸಿದ್ದಾನೆ. ಆದರೆ ಅಲ್ಲಿಯದು ಬಳೆಯ ಕಸುಬು. ಊದಿ ಮಾಡಿದ ಸೀಸೆ ಹಳ್ಳಿಗೆ ಹೊರಗಿನಿಂದ ಬಂದ ವಸ್ತು. ‘ಸೀಸೆ’ ಎಂಬ ಪದವೇ ಪಾರಸಿಯ ‘ಶೀಶಾ’ದಿಂದ ಬಂದದ್ದು. ಬೆಂಗಳೂರಿನಲ್ಲಿ 1809ರಲ್ಲಿ ದಂಡುಪ್ರದೇಶ ನೆಲೆಗೊಂಡ ಮೇಲೆ ಮದ್ಯ, ಔಷಧ, ಸೋಡಾಗಳ ಸೀಸೆಗಳು ಅಲ್ಲಿ ಬಳಕೆಗೆ ಬಂದವು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದತ್ತ ರೈಲುದಾರಿ ಸಾಗಿತು. ಕೊಬ್ಬರಿ ಹೊರಗೆ ಹೋದ ದಾರಿಯಲ್ಲಿಯೇ ಪೇಟೆಯ ಸರಕು ಒಳಗೆ ಬಂದಿತು.

ಸೀಸೆಯನ್ನು ಓದುವ ಕ್ರಮ ಶಾಸನದ ಲಿಪಿಯನ್ನು ಓದುವ ಕ್ರಮಕ್ಕಿಂತ ಬೇರೆಯಲ್ಲ. ಅಕ್ಷರದ ತಿರುವಿನಿಂದ ಶತಮಾನವನ್ನು ಗುರುತಿಸುವಂತೆ ಗಾಜಿನ ಮೇಲಿನ ಗುರುತುಗಳಿಂದ ಕಾಲವನ್ನು ಊಹಿಸಬಹುದು. ಬುಡದ ನಡುವೆ ಒರಟಾದ ಮುರಿದ ಗುರುತಿದ್ದರೆ, ಊದುವಾಗ ಅದನ್ನು ಕಬ್ಬಿಣದ ಸಲಾಕೆಗೆ ಅಂಟಿಸಿ ಹಿಡಿದಿದ್ದರೆಂದು ಅರ್ಥ. ಪಾಶ್ಚಾತ್ಯ ಕಾರ್ಖಾನೆಗಳ ಸಾಮಾನ್ಯ ಸೀಸೆಗಳಲ್ಲಿ ಈ ರೀತಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರೆಯಾಯಿತು. ಎರಡು ಅಚ್ಚುಗಳು ಕೂಡಿದ ಗೆರೆ ಕುತ್ತಿಗೆಯವರೆಗೆ ಬಂದು ನಿಂತು, ಬಾಯಿಯ ಭಾಗ ಬೇರೆಯಾಗಿ ತಿದ್ದಿದಂತಿದ್ದರೆ ಅದು ಅಚ್ಚಿನಲ್ಲಿ ಬಾಯಿಂದ ಊದಿ, ಬಾಯಿಯನ್ನು ಕೈಯಿಂದ ಮುಗಿಸಿದ ಸೀಸೆ. ಗೆರೆ ಬಾಯಿಯ ಅಂಚನ್ನೂ ದಾಟಿ ಹೋಗಿದ್ದರೆ ಅದು ಯಂತ್ರದ್ದು. ಮೈಕಲ್ ಓವೆನ್ಸ್ ಅವರ ಸ್ವಯಂಚಾಲಿತ ಯಂತ್ರ ಬಂದದ್ದು 1903ರ ಸುಮಾರಿಗೆ. ಕುತ್ತಿಗೆಯಲ್ಲಿ ಗೋಲಿ ಸಿಕ್ಕಿಕೊಂಡಿರುವ ಸೋಡಾ ಸೀಸೆ ಹಿರಂ ಕಾಡ್ ಎಂಬ ಇಂಗ್ಲಿಷ್ ತಂತ್ರಜ್ಞನ 1870ರ ದಶಕದ ರಚನೆ. ತಗಡಿನ ಬಿರಡೆ ಹಿಡಿಯುವ ಅಂಚುಳ್ಳ ಬಾಯಿ ವಿಲಿಯಂ ಪೇಂಟರ್ ಅವರ 1892ರ ಹಕ್ಕುಸ್ವಾಮ್ಯದ ನಂತರದ್ದು. ಬಣ್ಣ ಹೋಗಲೆಂದು ಮ್ಯಾಂಗನೀಸ್ ಬೆರೆಸಿದ ಗಾಜು ಬಹುಕಾಲ ಬಿಸಿಲಿಗೆ ಬಿದ್ದರೆ ನೇರಳೆಗೆ ತಿರುಗುತ್ತದೆ. ಮೈಮೇಲೆ ಉಬ್ಬಕ್ಷರದಲ್ಲಿ ಊರಿನ ಹೆಸರಿದ್ದರಂತೂ ಅದು ಶಾಸನವೇ ಸರಿ: ಅಮೃತಾಂಜನದ ಉದ್ಯಮ 1893ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1914ರಲ್ಲಿ ಮದರಾಸಿಗೆ ನೆಲೆ ಬದಲಿಸಿತು. ಇಂಥ ಸರಕಿನ ಮೇಲೆ ಯಾವ ಊರಿನ ಹೆಸರಿದೆ ಎಂಬುದರಿಂದಲೇ ಕಾಲದ ಎಲ್ಲೆ ತಿಳಿಯುತ್ತದೆ.

ಇಷ್ಟಾದರೂ ಸೀಸೆ ತಯಾರಾದ ಕಾಲವೇ ಅದನ್ನು ಬಿಸುಟ ಕಾಲವಲ್ಲ. ಹಳ್ಳಿಯಲ್ಲಿ ಬರಿದಾದ ಸೀಸೆಯನ್ನು ಎಸೆಯುತ್ತಿದ್ದವರು ವಿರಳ. ಔಷಧದ ಸೀಸೆ ಮುಚ್ಚಳದಲ್ಲಿ ತೂತು ಕೊರೆದು ಬತ್ತಿ ಹಾಕಿದರೆ ಸೀಮೆಎಣ್ಣೆಯ ಬುಡ್ಡಿದೀಪ. ದೊಡ್ಡದಾದರೆ ಹರಳೆಣ್ಣೆಗೋ ಜೇನುತುಪ್ಪಕ್ಕೋ ಪಾತ್ರೆ. ಚಿಕ್ಕದಾದರೆ ಮಕ್ಕಳ ಮಸಿಬುಡ್ಡಿ. ತಂದೆಯ ಕಾಲದಲ್ಲಿ ಕೊಂಡ ಕಷಾಯದ ಸೀಸೆ ಮೊಮ್ಮಗನ ಕಾಲದಲ್ಲಿ ಒಡೆದು ತಿಪ್ಪೆ ಸೇರಿರಬಹುದು. ಆದುದರಿಂದ ಗುಂಡಿಯ ಒಂದು ಪದರದ ಕಾಲವನ್ನು ಹೇಳುವಾಗ ಅಲ್ಲಿರುವ ಅತ್ಯಂತ ಹೊಸ ವಸ್ತುವನ್ನು ಆಧಾರವಾಗಿ ಹಿಡಿಯಬೇಕು. ಆ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಗೋಲಿ ಸೋಡಾದ ಒಂದೇ ಒಂದು ಚೂರು ಅಡಿಯ ಪದರದಲ್ಲಿದ್ದರೆ, ಅದರ ಮೇಲಿನ ಮಡಕೆಗಳು ನೋಡಲು ಎಷ್ಟೇ ಪ್ರಾಚೀನವಾಗಿದ್ದರೂ ಗುಂಡಿ ತುಂಬಿದ್ದು 1870ರ ದಶಕದ ಮೇಲೆಯೇ. ಇಲಿ, ಹೆಗ್ಗಣಗಳು ಕೊರೆದ ಬಿಲ, ನಡುವೆ ತೋಡಿದ ಇನ್ನೊಂದು ಗುಂಡಿ ಇವು ಪದರಗಳನ್ನು ಕಲಕಿರುವ ಸಾಧ್ಯತೆಯನ್ನೂ ನೋಡಿಕೊಳ್ಳಬೇಕು.

ಒಡೆದ ಪಾತ್ರೆಯ ಚೂರುಗಳಿಂದ ಒಂದು ನಾಡಿನ ಕಾಲಗಣನೆಯೇ ನಿಂತ ಉದಾಹರಣೆ ಕರ್ನಾಟಕದಲ್ಲಿದೆ. ಮಾರ್ಟಿಮರ್ ವ್ಹೀಲರ್ ಅವರು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ಮದ್ಯದ ಜಾಡಿಗಳ ಚೂರುಗಳನ್ನೂ ಇಟಲಿಯ ಮೇಜುಪಾತ್ರೆಗಳ ಚೂರುಗಳನ್ನೂ ಸ್ಥಳೀಯ ಮಡಕೆಗಳೊಡನೆ ಒಂದೇ ಪದರದಲ್ಲಿ ಕಂಡರು. ಇಟಲಿಯ ಪಾತ್ರೆಗಳ ಕಾಲ ತಿಳಿದಿತ್ತು. ಅದರಿಂದ ಸ್ಥಳೀಯ ಮಡಕೆಗಳ ಕಾಲ ಗೊತ್ತಾಯಿತು. ಅದೇ ಬಗೆಯ ಮಡಕೆಗಳು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಮೇಲಿನ ಪದರಗಳಲ್ಲಿ ದೊರೆತಾಗ, ಅವುಗಳ ಕೆಳಗಿನ ಬೃಹತ್ ಶಿಲಾಗೋರಿಗಳ ಸಂಸ್ಕೃತಿಗೂ ಅದರ ಕೆಳಗಿನ ಕಲ್ಲುಕೊಡಲಿಯ ಸಂಸ್ಕೃತಿಗೂ ಕ್ರಮ ಕೂಡಿಬಂದಿತು. ಮುಂದೆ ಇಂಗಾಲದ ಪರೀಕ್ಷೆಗಳು ಆ ಕಾಲಗಳನ್ನು ಇನ್ನೂ ಹಿಂದಕ್ಕೆ ಒಯ್ದವು. ಆದರೆ ಪದರಗಳ ಕ್ರಮ ಬದಲಾಗಲಿಲ್ಲ. ಆ ಚೂರುಗಳಲ್ಲಿ ಒಂದಕ್ಕೂ ಪೇಟೆಯಲ್ಲಿ ಬೆಲೆಯಿರಲಿಲ್ಲ. ಅವು ಎಲ್ಲಿದ್ದವು, ಯಾವುದರ ಮೇಲೆ, ಯಾವುದರ ಕೆಳಗೆ ಇದ್ದವು ಎಂಬುದೇ ಅವುಗಳ ಬೆಲೆ.

ಹಳೆಯ ಸೀಸೆಗಳ ಸಂಗ್ರಹಕಾರರಿಗೂ ಅವನ್ನು ಮಾರುವವರಿಗೂ ಈ ಮಾತು ಅನ್ವಯಿಸುತ್ತದೆ. ನಗರದ ಹಳೆಯ ವಸ್ತುಗಳ ಅಂಗಡಿಯಲ್ಲಿ ತೊಳೆದು ನಿಲ್ಲಿಸಿದ ನೀಲಿ ಸೀಸೆ ನೋಡಲು ಸುಂದರ. ಆದರೆ ಅದು ಯಾವ ಊರಿನದು, ಯಾವ ಗುಂಡಿಯದು, ಅದರ ಜೊತೆಗೆ ಏನಿತ್ತು ಎಂಬುದು ಅಳಿದಿದ್ದರೆ ಅದು ವಿಳಾಸ ಹರಿದುಹೋದ ಕಾಗದದಂತೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಹಳೆಯ ಕಸದ ಗುಂಡಿಗಳನ್ನು ಸೀಸೆಗಾಗಿಯೇ ಅಗೆಯುವ ಹವ್ಯಾಸ ಬೆಳೆದು ಅನೇಕ ದಶಕಗಳಾದವು. ಅಲ್ಲಿ ಎಷ್ಟೋ ಗುಂಡಿಗಳು ಬರಿದಾದವು, ಗುಂಡಿಗಳ ಕಥೆ ಮಾತ್ರ ದಾಖಲಾಗಲಿಲ್ಲ.

ಅಗೆಯುವವರ ಮೈ, ಅಗೆದ ವಸ್ತುವಿನ ಮೈ

ಹಳೆಯ ಗುಂಡಿಯ ಅಗೆತದಲ್ಲಿ ಅಪಾಯವೂ ಉಂಟು. ಅದರ ಎಚ್ಚರ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಇರಬೇಕು, ಕೂಲಿ ಮಾಡುವವರಿಗೂ ಇರಬೇಕು. ಮೊದಲನೆಯದು ಮಣ್ಣಿನ ಕುಸಿತ. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿನಷ್ಟು ತೂಗುತ್ತದೆ. ಎದೆಯವರೆಗೆ ಹೂತವರಿಗೆ ಉಸಿರೆಳೆಯಲೂ ಆಗುವುದಿಲ್ಲ. ಒಮ್ಮೆ ಅಗೆದು ಕಸ ತುಂಬಿದ ನೆಲ ಎಂದಿಗೂ ಮೂಲದ ನೆಲದಷ್ಟು ಗಟ್ಟಿಯಾಗುವುದಿಲ್ಲ. ಮಳೆ ಬಂದ ಮೇಲಂತೂ ನಂಬುವಂತಿಲ್ಲ. ಮೂರಡಿಯ ತೆಂಗಿನ ಗುಂಡಿಯ ಮಿತಿಯನ್ನು ದಾಟಿ ಆಳಕ್ಕೆ ಇಳಿಯುವುದು ಅನುಭವಿಗಳ ಮೇಲ್ವಿಚಾರಣೆಯಿಲ್ಲದೆ ಸಲ್ಲದು. ಆಳ ಹೆಚ್ಚಿದಂತೆ ಗೋಡೆಯನ್ನು ಮೆಟ್ಟಿಲುಮೆಟ್ಟಿಲಾಗಿ ಅಗಲಿಸಬೇಕು. ತೆಗೆದ ಮಣ್ಣನ್ನು ಅಂಚಿಗೆ ಒಟ್ಟದೆ ಎರಡು ಮೂರು ಅಡಿ ದೂರಕ್ಕೆ ಹಾಕಬೇಕು. ಗೋಡೆಯಲ್ಲಿ ಸೀಸೆಯ ಕುತ್ತಿಗೆ ಕಂಡಿತೆಂದು ಪಕ್ಕಕ್ಕೆ ಸುರಂಗದಂತೆ ಕೊರೆಯುವುದು ಪ್ರಾಣಕ್ಕೆ ಎರವಾಗುವ ಕೆಲಸ. ಒಬ್ಬರೇ ಅಗೆಯಬಾರದು, ಮೇಲೊಬ್ಬರು ಸದಾ ಇರಬೇಕು.

ಎರಡನೆಯದು ಗಾಳಿ. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯಬಾರದೆಂಬುದು ಹಿಂದಿನವರಿಗೆ ತಿಳಿದಿತ್ತು. ಮುಚ್ಚಿದ ಗುಂಡಿಯಲ್ಲಿ ಧಾನ್ಯ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಭಾರವಾದ ಆ ಗಾಳಿ ತಳದಲ್ಲಿಯೇ ನಿಲ್ಲುತ್ತದೆ. ಕೊಳೆಯುವ ಕಸವೂ ಹಾಗೆಯೇ. ದೀಪ ಇಳಿಬಿಟ್ಟು ನೋಡುವುದು ಹಳೆಯ ಪರೀಕ್ಷೆ. ಅದು ಎಲ್ಲ ವಿಷಗಾಳಿಗಳನ್ನೂ ತೋರಿಸದು; ಹೊತ್ತಿಕೊಳ್ಳುವ ಅನಿಲವಿದ್ದರೆ ದೀಪವೇ ಅಪಾಯ. ಕಿರುಬಾಯಿಯ ಹಗೇವಿಗೆ, ಹಾಳುಬಾವಿಗೆ ಇಳಿಯದಿರುವುದೇ ಸರಿಯಾದ ನಿಯಮ. ಒಳಗೆ ಬಿದ್ದವರನ್ನು ಎತ್ತಲು ಇಳಿದ ಎರಡನೆಯವರೂ ಮರಳದ ದುರಂತ ಇಂಥ ಕಡೆಗಳಲ್ಲಿಯೇ ಆಗುವುದು.

ಮೂರನೆಯದು ಸೀಸೆಯೊಳಗಿನದು. ಮುಚ್ಚಳ ಬಿಗಿದಿರುವ ಹಳೆಯ ಸೀಸೆಯನ್ನು ತೆರೆದು ಮೂಸುವುದು, ಚೆಲ್ಲುವುದು ಕೂಡದು. ಹಳೆಯ ಔಷಧಗಳಲ್ಲಿ ಪಾದರಸ, ಪಾಷಾಣಗಳು ಬಳಕೆಯಲ್ಲಿದ್ದವು. ಗಟ್ಟಿ ನೀಲಿ ಬಣ್ಣದ, ಮೈಯಲ್ಲಿ ಉಬ್ಬುಗೆರೆಗಳಿರುವ ಸೀಸೆಗಳಲ್ಲಿ ಅನೇಕವು ವಿಷದ್ದು. ಕತ್ತಲಲ್ಲಿ ಕೈಗೆ ತಾಗಿದರೂ ಗುರುತು ಸಿಗಲೆಂದೇ ಆ ಗೆರೆಗಳನ್ನು ಇಡುತ್ತಿದ್ದರು. ಹೊಲದ ಬದಿಯ ಗುಂಡಿಗಳಲ್ಲಿ ಎಂಡ್ರಿನ್‌ನಂಥ ಕೀಟನಾಶಕದ ಸೀಸೆಗಳೂ ಇರಬಹುದು. ಎಂಡ್ರಿನ್ ಭಾರತದಲ್ಲಿ 1990ರಲ್ಲಿ ನಿಷೇಧವಾಯಿತು. ಮಣ್ಣಿನಲ್ಲಿ ಬಹುಕಾಲ ಉಳಿಯುವ ವಿಷವದು. ಒಡೆದ ಗಾಜು, ತುಕ್ಕು ಹಿಡಿದ ತಗಡು, ಸಗಣಿಮಣ್ಣು ಸೇರಿದಲ್ಲಿ ಗಾಯವಾದರೆ ಧನುರ್ವಾಯುವಿನ ಭಯವಿರುವುದರಿಂದ ಚುಚ್ಚುಮದ್ದು ಮೊದಲೇ ಆಗಿರಬೇಕು. ಕೈಗೆ ದಪ್ಪ ಚರ್ಮದ ಗವಸು, ಕಾಲಿಗೆ ಗಟ್ಟಿ ಜೋಡು ಬೇಕು. ಕಲ್ಲುಸಂದಿಯಲ್ಲಿ ಬರಿಗೈ ಹಾಕಬಾರದು; ಹಾವು ಚೇಳುಗಳಿಗೆ ತಂಪಾದ ಹಳೆಯ ಗುಂಡಿ ಮೆಚ್ಚಿನ ತಾಣ. ತೋಟದಲ್ಲಾದರೆ ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಎಲ್ಲಿ ಹೂತಿದೆ ಎಂದು ಮೊದಲು ಕೇಳಬೇಕು. ಮರದ ಬುಡದ ಸುತ್ತ ಆರಡಿಯೊಳಗೆ ಬೇರು ದಟ್ಟವಾಗಿರುತ್ತದೆ. ಅಲ್ಲಿ ಅಗೆದರೆ ಮರಕ್ಕೆ ಕೇಡು, ಮೇಲಿಂದ ಕಾಯೋ ಗರಿಯೋ ಬಿದ್ದರೆ ಅಗೆಯುವವರಿಗೆ ಕೇಡು.

ವಸ್ತುವಿನ ಮೈಗೂ ಎಚ್ಚರ ಬೇಕು. ಬಹುಕಾಲ ತೇವದಲ್ಲಿದ್ದ ಗಾಜಿನಿಂದ ಕ್ಷಾರಾಂಶ ಕರಗಿಹೋಗಿ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪೊರೆ ಏಳುತ್ತದೆ. ಅದನ್ನು ಕೊಳೆಯೆಂದು ತಿಳಿದು ಮರಳಿನಿಂದಲೋ ಆಮ್ಲದಿಂದಲೋ ಉಜ್ಜಿದರೆ ಗಾಜಿನ ಮೈಯೇ ಕಿತ್ತುಬರುತ್ತದೆ. ತೆಗೆದ ಸೀಸೆಯನ್ನು ಬಿಸಿಲಿಗೆ ಇಡದೆ ನೆರಳಲ್ಲಿ ನಿಧಾನವಾಗಿ ಆರಿಸಬೇಕು. ಹಾರೆ, ಗುದ್ದಲಿಗಳು ಮೇಲಿನ ಮಣ್ಣಿಗೆ ಮಾತ್ರ. ವಸ್ತು ಕಾಣಿಸಿದ ಮೇಲೆ ಗಾರೆಯವರ ಕರಣೆ, ಬಿದಿರಿನ ಕಡ್ಡಿ, ಮೃದುವಾದ ಕುಂಚ ಸಾಕು. ತೆಗೆದ ಮಣ್ಣನ್ನು ಜರಡಿ ಹಿಡಿದರೆ ಮಣಿ, ಬಳೆಚೂರು, ಕಾಳು, ಮೀನಿನ ಮೂಳೆಗಳಂಥ ಸಣ್ಣ ಸಾಕ್ಷ್ಯಗಳೂ ಉಳಿಯುತ್ತವೆ. ಎಲ್ಲಕ್ಕಿಂತ ಮೊದಲು ಗುಂಡಿಯ ಗೋಡೆಯ ಚಿತ್ರ ಬರೆದು, ಮಣ್ಣಿನ ಬಣ್ಣ ಬದಲಾಗುವ ಆಳವನ್ನು ಅಳೆದು, ಯಾವ ವಸ್ತು ಯಾವ ಪದರದ್ದೆಂದು ಬರೆದಿಡಬೇಕು. ಕೊನೆಯಲ್ಲಿ ಗುಂಡಿಯನ್ನು ಮುಚ್ಚಬೇಕು.

ನಿಧಿ, ನಿಕ್ಷೇಪ ಮತ್ತು ಕಾನೂನು

ನೆಲದಡಿಯ ವಸ್ತು ಯಾರದು ಎಂಬ ಪ್ರಶ್ನೆ ನಮ್ಮ ಶಾಸನಗಳಿಗೆ ಹಳೆಯದು. ವಿಜಯನಗರ ಕಾಲದ ದಾನಶಾಸನಗಳು ಭೂಮಿಯೊಡನೆ ಕೊಡುವ ಅಷ್ಟಭೋಗಗಳನ್ನು ಎಣಿಸುವಾಗ ನಿಧಿ, ನಿಕ್ಷೇಪಗಳನ್ನು ಮೊದಲು ಹೇಳುತ್ತವೆ. ಜಲ, ಪಾಷಾಣಾದಿಗಳು ಆಮೇಲೆ. ಹೂತ ಸಂಪತ್ತಿನ ಹಕ್ಕನ್ನು ಅರಸ ಬಿಟ್ಟುಕೊಟ್ಟರೆ ಮಾತ್ರ ಅದು ದಾನ ಪಡೆದವರಿಗೆ ಸಲ್ಲುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ. ಇಂದಿನ ಕಾನೂನು ಅದೇ ಜಾಡಿನಲ್ಲಿದೆ. 1878ರ ಭಾರತೀಯ ನಿಧಿ ಕಾಯಿದೆ ಮತ್ತು 1962ರ ಕರ್ನಾಟಕದ ನಿಧಿ ಕಾಯಿದೆಗಳ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ದೊರೆತರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಗತಕಾಲದ ಕಲೆ, ಕಸುಬು, ಆಚಾರಗಳನ್ನು ತೋರುವ ವಸ್ತುಗಳನ್ನು ಪುರಾವಸ್ತುವೆಂದು ಪರಿಗಣಿಸುತ್ತದೆ; ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ. ನೂರು ದಾಟಿದ ಗಾಜಿನ ಸೀಸೆಯೂ ಈ ವ್ಯಾಖ್ಯೆಯೊಳಗೆ ಬರಬಹುದು. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದ ಅಗೆತ ಅಪರಾಧ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವವುಗಳ ಸುತ್ತ ನೂರು ಮೀಟರ್ ನಿಷೇಧಿತ ವಲಯವೂ ಇದೆ. ಖಾಸಗಿ ತೋಟವಾದರೆ ಒಡೆಯರ ಒಪ್ಪಿಗೆ ಬೇಕು. ತಿಪ್ಪೆಯ ಗುಂಡಿಯಲ್ಲಿ ವಿಗ್ರಹ, ಶಾಸನದ ತುಂಡು, ನಾಣ್ಯ, ಮನುಷ್ಯರ ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸಿ ಪುರಾತತ್ತ್ವ ಇಲಾಖೆಗೋ ತಹಶೀಲ್ದಾರರಿಗೋ ತಿಳಿಸುವುದೊಂದೇ ದಾರಿ.

ಅರ್ಥವುಳ್ಳ ಅಗೆತ, ಅನರ್ಥದ ಅಗೆತ

ಕಾನೂನು ಹೇಳುವುದಕ್ಕೆ ಬಹು ಹಿಂದೆಯೇ ಜೈನ ಶ್ರಾವಕಾಚಾರ ಗ್ರಂಥಗಳು ಈ ವಿಷಯವನ್ನು ಮುಟ್ಟಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಅಚೌರ್ಯಾಣುವ್ರತವನ್ನು ವಿವರಿಸುವಾಗ ಪರರ ವಸ್ತು ಹೂತಿಟ್ಟದ್ದಾಗಿರಲಿ, ಬಿದ್ದದ್ದಾಗಿರಲಿ, ಮರೆತದ್ದಾಗಿರಲಿ, ಕೊಡದೆ ಇದ್ದರೆ ತೆಗೆದುಕೊಳ್ಳಬಾರದೆಂದು ಹೇಳುತ್ತದೆ. ನೆಲದಲ್ಲಿ ಸಿಕ್ಕಿದ್ದೆಲ್ಲ ಸಿಕ್ಕವರದಲ್ಲ ಎಂಬ ತತ್ತ್ವ ಅಲ್ಲಿದೆ. ಅದೇ ಗ್ರಂಥ ಅನರ್ಥದಂಡವಿರತಿಯ ಪ್ರಸಂಗದಲ್ಲಿ ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನು ಪ್ರಮಾದಚರ್ಯೆಯಲ್ಲಿ ಎಣಿಸುತ್ತದೆ. ಮಣ್ಣೂ ಪೃಥ್ವೀಕಾಯ ಜೀವಗಳ ನೆಲೆ ಎಂದು ನಂ��ುವ ದರ್ಶನಕ್ಕೆ ಇದು ಸಹಜ. ಆದರೆ ಅಲ್ಲಿಯ ನಿಷೇಧ ಅಗೆತಕ್ಕಲ್ಲ, ವ್ಯರ್ಥವಾದ ಅಗೆತಕ್ಕೆ. ಗೃಹಸ್ಥರಿಗೆ ಬಾವಿಯೂ ಬೇಕು, ತೋಟವೂ ಬೇಕು.

ತತ್ತ್ವಾರ್ಥಸೂತ್ರದ ಐದು ಸಮಿತಿಗಳಲ್ಲಿ ಕೊನೆಯ ಎರಡು ಇಲ್ಲಿ ಸ್ಮರಣೀಯ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಬಿಡಬೇಕಾದುದನ್ನು ಜೀವಕ್ಕೆ ಹಾನಿಯಾಗದ ತಾಣದಲ್ಲಿ ಬಿಡುವುದು ಉತ್ಸರ್ಗ ಸಮಿತಿ. ಮುನಿಗಳಿಗೆ ವಿಹಿತವಾದ ಈ ನಿಯಮಗಳು ಪುರಾತತ್ತ್ವದ ಶಿಸ್ತನ್ನು ಉದ್ದೇಶಿಸಿದವಲ್ಲ. ಆದರೂ ಎತ್ತುವ ಮೊದಲು ನೋಡು, ಇದ್ದ ಸ್ಥಳವನ್ನು ಅರಿ, ಇಡುವಲ್ಲಿ ಎಚ್ಚರವಿರಲಿ ಎಂಬ ಸಂಯಮವೇ ಅಗೆಯುವವರ ಮೊದಲ ಪಾಠ. ಬಿಸುಡುವುದರಲ್ಲಿಯೂ ಹೊಣೆಯಿದೆ ಎಂಬ ಮಾತು ಎಂಡ್ರಿನ್ ಸೀಸೆಯನ್ನು ಹೊಲದಲ್ಲಿ ಹೂತ ತಲೆಮಾರಿಗೂ, ಪ್ಲಾಸ್ಟಿಕ್ಕನ್ನು ಹೂಳುತ್ತಿರುವ ಈ ತಲೆಮಾರಿಗೂ ಸಮನಾಗಿ ಸಲ್ಲುತ್ತದೆ.

ತೆಂಗಿನ ಸೀಮೆಯಲ್ಲಿ ಈಗ ಕೈಗುದ್ದಲಿಯ ಸ್ಥಾನಕ್ಕೆ ಯಂತ್ರ ಬಂದಿದೆ. ಆಳು ಒಂದು ದಿನ ತೆಗೆಯುತ್ತಿದ್ದ ಗುಂಡಿಯನ್ನು ಜೆಸಿಬಿ ಕೆಲವೇ ನಿಮಿಷಗಳಲ್ಲಿ ತೆಗೆಯುತ್ತದೆ. ಸಲಿಕೆಗೆ ಚೂರು ತಾಗಿದಾಗ ಕೇಳುತ್ತಿದ್ದ ಸದ್ದು ಯಂತ್ರದ ಸದ್ದಿನಲ್ಲಿ ಕೇಳುವುದಿಲ್ಲ. ಬುಡ್ಡಿದೀಪದ ಸೀಸೆಯನ್ನು ಕೈಗಿತ್ತರೆ ಅದರಲ್ಲಿ ಮೊದಲು ಯಾವ ಔಷಧವಿತ್ತು, ಯಾವ ಸಂತೆಯಿಂದ ಬಂತು ಎಂದು ಹೇಳಬಲ್ಲ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಈ ಎರಡು ನಷ್ಟಗಳು ಒಂದೇ ಕಾಲಕ್ಕೆ ಆಗುತ್ತಿವೆ. ಇದಕ್ಕೆ ದೊಡ್ಡ ಉತ್ಖನನಗಳೇ ಬೇಕೆಂದಿಲ್ಲ. ತಿಪಟೂರು, ತುರುವೇಕೆರೆಗಳ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳ ವಿದ್ಯಾರ್ಥಿಗಳು, ತೋಟ ಹಾಕುವ ಹಂಗಾಮಿನಲ್ಲಿ, ರೈತರು ಹೇಗೂ ತೆಗೆಯುವ ಗುಂಡಿಗಳ ಬಳಿ ಅವರ ಒಪ್ಪಿಗೆ ಪಡೆದು ನಿಂತು, ಗೋಡೆಯ ಪದರಗಳನ್ನು ಅಳೆದು ಬರೆದುಕೊಂಡರೆ ಸಾಕು. ಹೊಸದಾಗಿ ಒಂದಡಿ ನೆಲವನ್ನೂ ಅಗೆಯಬೇಕಾಗಿಲ್ಲ. ಐವತ್ತು ಗುಂಡಿಗಳಲ್ಲಿ ನಲವತ್ತೈದು ಬರಿದಾಗಿರಬಹುದು. ಬರಿದೆಂದು ಬರೆದಿಟ್ಟರೆ ಅದೂ ಒಂದು ಸಾಕ್ಷ್ಯ, ಊರಿನ ಎಲ್ಲೆ ಎಲ್ಲಿಗೆ ಮುಗಿಯಿತೆಂದು ಅದು ಹೇಳುತ್ತದೆ. ಉಳಿದ ಐದರಲ್ಲಿ ದೊರೆತ ಚೂರುಗಳು ಅಂಗಡಿಯ ಕಪಾಟಿಗೆ ಹೋಗದೆ, ಊರು, ತೋಟ, ಗುಂಡಿ, ಆಳ ಎಂಬ ನಾಲ್ಕು ಮಾತುಗಳ ಚೀಟಿಯೊಡನೆ ಊರಿನ ಶಾಲೆಯಲ್ಲಿಯೋ ಜಿಲ್ಲೆಯ ವಸ್ತುಸಂಗ್ರಹಾಲಯದಲ್ಲಿಯೋ ಉಳಿದರೆ, ದಂಡಿನಶಿವರದಂಥ ಊರಿನ ಶಾಸನಗಳು ಹೇಳದೆ ಬಿಟ್ಟ ಭಾಗವನ್ನು ಮುಂದಿನವರು ಓದಬಲ್ಲರು.